ಬೋರ್ಡ್ ತುಂಬಿಸಿದ ಕೈ

“ಡಸ್ಟರ್ ಕೆಳಗಿಡಿ!”

ಸಬ್ ಇನ್ಸ್‌ಪೆಕ್ಟರ್ ಸೌಮ್ಯ ಕೂಗಿದ ರಭಸಕ್ಕೆ ಅಶ್ವಥ್‌ನ ಕೈಯಲ್ಲಿದ್ದ ಡಸ್ಟರ್ ತಾನಾಗಿಯೇ ಜಾರಿ ನೆಲಕ್ಕೆ ಬಿತ್ತು. ಇಸ್ತ್ರಿ ಮಾಡಿದ ಅವನ ಬಿಳಿ ಷರ್ಟಿನ ಮೇಲೆ ಸೀಮೆಸುಣ್ಣದ ಪುಡಿ ಹಾರಿತು. ಆದರೂ ಆಸಾಮಿ ನಗುವುದನ್ನು ಮಾತ್ರ ಬಿಡಲಿಲ್ಲ.

“ಕೋಪ ಮಾಡ್ಕೋಬೇಡಿ ಮೇಡಂ. ಒಸಿ ಜಾಗ ಮಾಡ್ಕೊಳಾಣ ಅಂತ. ಬರ್ದು ತೋರ್ಸಿ ಅಂದೋರು ನೀವೇ ತಾನೇ?”

“ಬರೆದು ತೋರಿಸಿ ಅಂದೆ. ಒರೆಸಿ ತೋರಿಸಿ ಅನ್ನಲಿಲ್ಲ.”

ಅತಿ ವಿನಯ ಧೂರ್ತ ಲಕ್ಷಣ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕನಕಪುರದ ಕಡೆ ಗ್ರಾನೈಟ್ ಕ್ವಾರಿ ಇಟ್ಟುಕೊಂಡಿರುವ ಈ ಅಶ್ವಥ್, ಬಾಯಿ ತೆರೆದರೆ ಮೇಡಂ, ಮುಚ್ಚಿದರೆ ಮೇಡಂ. ಭಾನುವಾರ ಮಧ್ಯಾಹ್ನ ಯೋಗಾನಂದ ಮೇಷ್ಟ್ರು ಚನ್ನಪಟ್ಟಣದ ತಮ್ಮ ಇಂಗ್ಲಿಷ್ ಟ್ಯುಟೋರಿಯಲ್‌ನ ಮೆಟ್ಟಿಲಿಂದ ಉರುಳಿ ತಲೆ ಒಡೆದುಕೊಂಡಾಗ ಮೇಲೆ ಇದ್ದವನು ಇವನೊಬ್ಬನೇ. ತನ್ನ ಜೊತೆ ಅಲ್ಲೇ ಕಲಿಯುವ ಚೈತನ್ಯ ತಳ್ಳಿದ್ದನ್ನು ಕಣ್ಣಾರೆ ಕಂಡೆ ಅಂತ ಹೇಳಿಕೆ ಕೊಟ್ಟವನೂ ಇವನೇ. ಆ ಒಂದು ಹೇಳಿಕೆಯ ಮೇಲೆ ಬೈರಾಪಟ್ಟಣದ ಚೈತನ್ಯ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ. ಮೇಷ್ಟ್ರು ರಾಮನಗರದ ನರ್ಸಿಂಗ್ ಹೋಮಿನಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಸಂಜೆಯೊಳಗೆ ಹುಡುಗನನ್ನು ಜಡ್ಜ್ ಮುಂದೆ ನಿಲ್ಲಿಸಬೇಕು. ಇನ್ಸ್‌ಪೆಕ್ಟರ್ ಸಾಹೇಬರ ಲೆಕ್ಕದಲ್ಲಿ ಕೇಸು ಮುಗಿದಿತ್ತು. ಸೌಮ್ಯಳಿಗೆ ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿತ್ತು.

ಮುಳ್ಳು ಚುಚ್ಚಿದ್ದು ಬೆಳಗ್ಗೆ. ಸ್ಟೇಷನ್ ಮುಂದಿನ ಹೊಂಗೆ ಮರದ ಕೆಳಗೆ ಕೂತಿದ್ದ ಚೈತನ್ಯನ ತಾಯಿ ಚಿನ್ನಮ್ಮ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

“ನನ್ ಮಗ ಮುಂಗೋಪಿ ಕಣವ್ವ, ಅವ್ರಪ್ಪನ್ ಥರ. ಇವತ್ತು ಕೂಗಾಡ್ತಾನೆ, ನಾಳೀಕೆ ಕಾಲ್ ಹಿಡೀತಾನೆ. ವಯಸ್ಸಾದೋರ್ನ ತಳ್ಳಾ ಅಷ್ಟು ಕೆಟ್ಟೋನಲ್ಲ. ಸರ್ಕಾರಿ ಕೆಲ್ಸದ ಪರೀಕ್ಸೆ ಬರೀತೀನಿ ಅಂತ ಇಂಗ್ಲಿಷ್ ಕಲಿಯಕ್ ಬಂದ. ಈಗ ಜೈಲಿಗ್ ಕಳ್ಸ್‌ಬುಟ್ರೆ ಯಾವ್ ಸರ್ಕಾರ ಅವನ್ನ ಒಳಿಕ್ಕೆ ಬುಟ್ಕತದೆ, ನೀನೇ ಹೇಳವ್ವ?”

ಯಾವ ಸರ್ಕಾರವೂ ಬಿಟ್ಟುಕೊಳ್ಳುವುದಿಲ್ಲ. ಪೊಲೀಸ್ ವೆರಿಫಿಕೇಷನ್ನಿಗೆ ಬಂದ ಕಾಗದಕ್ಕೆ ಷರಾ ಬರೆದು ಅಭ್ಯಾಸ ಇರುವ ಸೌಮ್ಯಳಿಗೆ ಅದು ಚೆನ್ನಾಗಿ ಗೊತ್ತು. ಆ ತಾಯಿಯ ಮುಖ ನೋಡಿ ಅವಳಿಗೆ ನಿಜಕ್ಕೂ ಸಂಕಟವಾಯಿತು. ಸಂಕಟವಾದಾಗ ಸೌಮ್ಯ ಅಳುವ ಪೈಕಿ ಅಲ್ಲ, ರೇಗುವ ಪೈಕಿ. ಹಾಗೇ ರೇಗಿಕೊಂಡೇ ಲಾಕಪ್ಪಿಗೆ ಹೋಗಿ ಚೈತನ್ಯನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಶನಿವಾರ ಎಲ್ಲರ ಎದುರಿಗೆ ಮೇಷ್ಟ್ರಿಗೆ ‘ಒಂದಿನ ನಿಮ್ ಕೈಲೂ ಬರೆಸ್ತೀನಿ ನೋಡ್ತಿರಿ’ ಅಂದೆಯಂತೆ. ಯಾಕಯ್ಯಾ?”

“ಎರಡೆರಡು ಸಲ ಬರೆಸಿದ್ರೆ ಯಾರಿಗ್ ತಾನೇ ಉರಿಯಾಕಿಲ್ಲ ಮೇಡಂ?” ಅಂದ ಚೈತನ್ಯ. ಕಣ್ಣು ಕೆಂಪಾಗಿ ಊದಿಕೊಂಡಿದ್ದವು. “ಅವ್ರು ಟೀಗ್ ಹೋದಾಗ ಕಂಬ ಬರೆದ್ಬುಟ್ಟೆ. ಸಿಗಾಕ್ಕೊಂಡೆ.”

“ಕಂಬ ಬರೆಯೋದಾ? ಹಾಗಂದ್ರೆ?”

ಆ ಉತ್ತರವನ್ನು ತಲೆಯಲ್ಲಿಟ್ಟುಕೊಂಡೇ ಸೌಮ್ಯ ಈಗ ಈ ಕ್ಲಾಸ್‌ರೂಮಿಗೆ ಬಂದು ನಿಂತಿದ್ದಳು.

ಯೋಗಾನಂದ ಮೇಷ್ಟ್ರ ಇಂಗ್ಲಿಷ್ ಕ್ಲಾಸ್ ಅಂದರೆ ಸುತ್ತಮುತ್ತ ಹೆಸರುವಾಸಿ. ಬಣ್ಣದ ಬೊಂಬೆ ಮಾರುವ ಹುಚ್ಚಯ್ಯನ ಅಂಗಡಿಯ ಮೇಲೆ ಒಂದೇ ಒಂದು ದೊಡ್ಡ ಕೋಣೆ. ಒಂದು ಗೋಡೆ ಪೂರ್ತಿ ಕಪ್ಪು ಬೋರ್ಡ್. ಬಸ್ ಕಂಡಕ್ಟರು, ಮೆಡಿಕಲ್ ಸ್ಟೋರಿನವರು, ಪಂಚಾಯ್ತಿ ಮೆಂಬರು, ಎಲ್ಲರೂ ಇಲ್ಲಿ ಬೆಂಚಿನ ಮೇಲೆ ಕೈಕಟ್ಟಿ ಕೂರಲೇಬೇಕು. ಮಾತಾಡುವ ಇಂಗ್ಲಿಷ್ ಸಂತೆಯಲ್ಲೂ ಸಿಗುತ್ತೆ, ಬರೆಯುವ ಇಂಗ್ಲಿಷ್ ಮಾತ್ರ ಬೆವರು ಸುರಿಸಿ ಕಲಿಯಬೇಕು ಅನ್ನುವುದು ಮೇಷ್ಟ್ರ ವಾದ.

ಪಾಠ ಹೇಳುವ ವರಸೆಯೂ ಅವರದೇ. “ಕ್ಯಾನ್, ಮಸ್ಟ್, ಶುಡ್, ಇವೆಲ್ಲ ದೇವಸ್ಥಾನ ಕಣ್ರಯ್ಯಾ. ಇವುಗಳ ಹಿಂದೆ ಬರೋ ಕ್ರಿಯಾಪದ ಎಸ್ಸು, ಇಡಿ, ಐಎನ್‌ಜಿ ಅನ್ನೋ ಚಪ್ಪಲೀನ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರಬೇಕು. ಮಸ್ಟ್ ಕೀಪ್. ಮಸ್ಟ್ ಕೀಪ್ಸ್ ಅಂದ್ಯೋ, ಚಪ್ಪಲಿ ಮೆಟ್ಕೊಂಡು ಗರ್ಭಗುಡಿಗೆ ನುಗ್ಗಿದ ಹಾಗೆ!”

ನುಗ್ಗಿದವರಿಗೆ ಶಿಕ್ಷೆ ಒಂದೇ. ಸರಿಯಾದ ವಾಕ್ಯವನ್ನು ಬೋರ್ಡ್ ತುಂಬ ಬರೆಯಬೇಕು. ಅದೂ ಎಲ್ಲರ ಕಣ್ಣೆದುರಿಗೆ, ಮೇಷ್ಟ್ರು ಕುರ್ಚಿ ಹಾಕಿಕೊಂಡು ಕಾಯುತ್ತಿರುವಾಗ. ಗಂಡಸರಿಗೆ ಮೀಸೆ ಮಣ್ಣಾಗುವ ಶಿಕ್ಷೆ ಅದು.

ಭಾನುವಾರ ಅಶ್ವಥ್‌ಗೆ ಸಿಕ್ಕಿದ ವಾಕ್ಯ ಈಗಲೂ ಬೋರ್ಡ್ ಮೇಲಿತ್ತು. ‘ಎ ಮ್ಯಾನ್ ಮಸ್ಟ್ ಕೀಪ್ ಹಿಸ್ ವರ್ಡ್’. ಕೊಟ್ಟ ಮಾತನ್ನು ಮನುಷ್ಯ ಉಳಿಸಿಕೊಳ್ಳಬೇಕು. ಮೇಲಿನ ಅಂಚಿನಿಂದ ಹೆಚ್ಚುಕಡಿಮೆ ಕೆಳಗಿನ ಅಂಚಿನವರೆಗೆ ಅದೇ ವಾಕ್ಯ.

“ಕೆಳಗೆ ಒಂದು ಗೇಣು ಜಾಗ ಇದೆ. ಅಲ್ಲಿ ಒಂದೇ ಒಂದು ಸಲ ಬರೆಯಿರಿ” ಎಂದಳು ಸೌಮ್ಯ.

ಅಶ್ವಥ್ ಬಗ್ಗಿ ಬರೆದ. ಹೆಡ್ ಕಾನ್‌ಸ್ಟೆಬಲ್ ಇಸ್ರಾರ್ ಕತ್ತು ಚಾಚಿ ಓದಿ, ಕಿಸಕ್ಕನೆ ನಕ್ಕುಬಿಟ್ಟರು.

“ಮೇಡಂ, ಮತ್ತೆ ಕೀಪ್ಸ್ ಅಂತ ಬರೆದವ್ರೆ! ಬೋರ್ಡ್ ತುಂಬ ಸರಿಯಾಗ್ ಬರೆದೋರು ಈಗ ತಪ್ಪು ಬರೀತಾರಾ? ಇಲ್ಲೇ ಸಿಗಾಕ್ಕೊಂಡ್ರಲ್ಲ!”

“ನಗಬೇಡಿ ಇಸ್ರಾರ್ ಅವರೇ. ನೂರು ಸಲ ಬರೆದು ನೂರಾ ಒಂದನೇ ಸಲ ನಾನೂ ತಪ್ಪು ಬರೆದಿದೀನಿ. ತಪ್ಪು ಬರೆದೋರನ್ನೆಲ್ಲ ಒಳಗೆ ಹಾಕೋದಾದ್ರೆ ನಮ್ಮ ಸ್ಟೇಷನ್ನಲ್ಲೇ ಯಾರೂ ಉಳಿಯಲ್ಲ.”

ಅಶ್ವಥ್ ಜೀವ ಬಂದವನ ಹಾಗೆ ಉಸಿರು ಬಿಟ್ಟ. “ಸರಿಯಾಗ್ ಹೇಳಿದ್ರಿ ಮೇಡಂ. ನಮ್ ತಲೇಗ್ ಎಲ್ ಹತ್ತುತ್ತೆ ಇದೆಲ್ಲ.”

“ಹತ್ತದಿದ್ದ ಮೇಲೆ ಯಾಕೆ ಬರ್ತೀರಾ? ಇಂಗ್ಲಿಷ್ ಬಲ್ಲ ಗುಮಾಸ್ತನ್ನ ಇಟ್ಕೊಳ್ಳೋ ಶಕ್ತಿ ನಿಮಗಿದೆ. ಕನಕಪುರದಿಂದ ಕಾರಲ್ಲಿ ಬಂದು, ಹುಡುಗರ ಮುಂದೆ ನಿಂತು ಬೋರ್ಡ್ ತುಂಬಿಸ್ತೀರಲ್ಲ. ಕೈಲಾಂಚದ ಬಂಡೆ ಮೇಲೆ ಅಷ್ಟೊಂದು ಪ್ರೀತೀನಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಶ್ವಥ್‌ನ ಕೈ ತಾನಾಗಿಯೇ ಕತ್ತಿನ ಚಿನ್ನದ ಸರಕ್ಕೆ ಹೋಯಿತು. ಕೈಲಾಂಚದಲ್ಲಿ ಮೇಷ್ಟ್ರ ಹಿಪ್ಪುನೇರಳೆ ತೋಟದ ಹಿಂದೆ ಒಂದು ಬಂಡೆಯಿದೆ. ಅದನ್ನು ಕ್ವಾರಿಗೆ ಕೊಡಿ ಅಂತ ಇವನು ಕೇಳಿದ್ದು, ಪ್ರಾಣ ಹೋದರೂ ಒಡೆಯಲು ಬಿಡಲ್ಲ ಅಂತ ಮೇಷ್ಟ್ರು ಹೇಳಿದ್ದು, ಎರಡೂ ಸುತ್ತೂರಿಗೆ ಗೊತ್ತಿದ್ದ ಸಂಗತಿ.

“ವ್ಯಾಪಾರ ಬೇರೆ, ಕಲಿಯೋದು ಬೇರೆ ಮೇಡಂ.”

“ಇರಲಿ. ಭಾನುವಾರದ್ದು ಇನ್ನೊಂದು ಸಲ ಹೇಳಿ.”

ಅಶ್ವಥ್ ಗಿಣಿಪಾಠ ಒಪ್ಪಿಸಿದ. ಎಲ್ಲರೂ ಹೋದ ಮೇಲೆ ನಾನೊಬ್ಬನೇ ಉಳಿದು ಬರೆದೆ. ಮೊದಲ ಸಾಲಿನಿಂದ ಕಡೇ ಸಾಲಿನವರೆಗೂ ಮೇಷ್ಟ್ರು ಅದೇ ಆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಬೋರ್ಡ್ ತುಂಬಿದ ಮೇಲೆ ಶಹಬ್ಬಾಸ್ ಅಂದು, ಟೀ ಕುಡಿಯಲು ಎದ್ದು ಹೋದರು. ಮೆಟ್ಟಿಲ ಹತ್ತಿರ ಚೈತನ್ಯ ಅಡ್ಡ ಬಂದ. ಏನೋ ಕೂಗಾಟ. ಬಾಗಿಲಿಗೆ ಬಂದು ನೋಡಿದರೆ ಹುಡುಗ ಎರಡು ಕೈಲೂ ತಳ್ಳಿದ.

“ಬರೆಯುವಾಗ ಮೇಷ್ಟ್ರು ಮಧ್ಯೆ ಎಲ್ಲೂ ಎದ್ದು ಹೋಗಲಿಲ್ಲ?”

“ಅಲ್ಲಾಡ್ಲೇ ಇಲ್ಲ ಮೇಡಂ. ದೇವರಾಣೆ.”

“ಈ ಬೋರ್ಡಿನಲ್ಲಿ ಎರಡು ಬಣ್ಣ ಇದೆಯಲ್ಲ?”

“ಬಿಳಿ ಸೀಮೆಸುಣ್ಣ ಮುಗೀತು. ಹಳದಿ ತಗೊಂಡೆ.”

“ಬಿಳೀದು ಮುಗಿದಾಗ ಎಷ್ಟು ಬರೆದಿದ್ರಿ?”

“ಅರ್ಧ ಬೋರ್ಡ್ ಆಗಿತ್ತು.”

ಸೌಮ್ಯ ಒಂದು ಬೆಂಚಿನ ಮೇಲೆ ಹೋಗಿ ಕೂತಳು. ಪಕ್ಕದ ಜಾಗವನ್ನು ತಟ್ಟಿ ಅವನನ್ನೂ ಕೂರಿಸಿದಳು.

“ಈಗ ಇಲ್ಲಿಂದ ನೋಡಿ. ಅರ್ಧ ಬೋರ್ಡ್ ಆದಾಗ ಬಿಳಿ ಮುಗಿದಿದ್ರೆ, ಮೇಲಿನ ಅರ್ಧ ಬಿಳಿ ಇರಬೇಕು, ಕೆಳಗಿನ ಅರ್ಧ ಹಳದಿ ಇರಬೇಕು. ಹಾಗಿದೆಯಾ?”

ಹಾಗಿರಲಿಲ್ಲ. ‘ಎ ಮ್ಯಾನ್ ಮಸ್ಟ್’ ಅನ್ನುವುದು ಮೇಲಿನಿಂದ ಕೆಳಗಿನವರೆಗೂ ಬಿಳಿ. ‘ಕೀಪ್’ ಅನ್ನುವುದು ಮೇಲೆ ಬಿಳಿ, ನಡುವಿನಿಂದ ಕೆಳಕ್ಕೆ ಹಳದಿ. ‘ಹಿಸ್ ವರ್ಡ್’ ಪೂರ್ತಿ ಹಳದಿ. ಎಡಗಡೆ ಬಿಳಿ, ಬಲಗಡೆ ಹಳದಿ. ಎರಡು ದಿನದಿಂದ ಪೊಲೀಸರೆಲ್ಲ ಇದನ್ನು ನೋಡಿದ್ದರು, ಫೋಟೋ ತೆಗೆದಿದ್ದರು, ಚಂದ ಇದೆ ಅಂದಿದ್ದರು. ಸ್ವತಃ ಸೌಮ್ಯಳೂ ಹಾಗೇ ಅಂದುಕೊಂಡು ಹೋಗಿದ್ದವಳೇ.

“ಯಾ ಅಲ್ಲಾ!” ಅಂದರು ಇಸ್ರಾರ್. “ಇದು ನಾವ್ ಇಸ್ಕೂಲಲ್ಲಿ ಮಾಡ್ತಿದ್ದ ಕಳ್ಳಾಟ! ಮೊದಲು ಒಂದ್ ಪದಾನ ಉದ್ದಕ್ಕೆ ಕೆಳಗಿನವರೆಗೂ ಬರ್ಕೊಂಡು ಹೋಗೋದು, ಆಮೇಲೆ ಅದ್ರ ಪಕ್ಕ ಇನ್ನೊಂದು. ಬೇಗ ಮುಗೀತದೆ, ತಲೆ ಓಡಿಸೋ ಹಂಗೇ ಇಲ್ಲ.”

“ಈ ಕ್ಲಾಸಿನಲ್ಲಿ ಅದಕ್ಕೆ ಕಂಬ ಬರೆಯೋದು ಅಂತಾರೆ. ಮೇಷ್ಟ್ರಿಗೆ ಅದನ್ನ ಕಂಡರೆ ಮೈಯೆಲ್ಲ ಉರಿ. ಶನಿವಾರ ಚೈತನ್ಯ ಸಿಕ್ಕಿಬಿದ್ದದ್ದು ಇದಕ್ಕೇ. ಅವರು ಟೀ ಕುಡಿದು ವಾಪಸ್ ಬಂದರೆ ಬೋರ್ಡ್ ತುಂಬ ‘ಐ ಕ್ಯಾನ್, ಐ ಕ್ಯಾನ್’. ಮುಂದಕ್ಕೆ ಒಂದಕ್ಷರ ಇಲ್ಲ. ‘ಏನಯ್ಯಾ, ಎಲ್ಲಾ ನಿನ್ನ ಕೈಲಿ ಆಗುತ್ತೆ, ಏನು ಅಂತ ಮಾತ್ರ ಗೊತ್ತಿಲ್ಲ’ ಅಂತ ಎಲ್ಲರ ಮುಂದೆ ಮಾನ ತೆಗೆದು, ಒರೆಸಿ, ಪುನಃ ಬರೆಸಿದ್ರು. ಮಸ್ಟ್ ಬರೆದ ಕೈ ತಕ್ಷಣ ಕೀಪ್ ಬರೀಬೇಕು, ಗಂಡ ಹೆಂಡತಿ ಥರ ಎರಡೂ ಜೊತೆಯಾಗೇ ತಲೆಗೆ ಇಳೀಬೇಕು ಅನ್ನೋದು ಅವರ ಹಟ.”

ಸೌಮ್ಯ ಅಶ್ವಥ್‌ನ ಕಡೆಗೆ ತಿರುಗಿದಳು.

“ಅಂಥ ಮೇಷ್ಟ್ರು, ಆ ಕುರ್ಚೀಲಿ ಅಲ್ಲಾಡದೆ ಕೂತು, ನೀವು ಕಂಬ ಬರೆಯೋದನ್ನ ನೋಡ್ತಾ, ಕೊನೆಗೆ ಶಹಬ್ಬಾಸ್ ಬೇರೆ ಅಂದ್ರಾ?”

ಅಶ್ವಥ್ ಕರ್ಚೀಫ್ ತೆಗೆದು ಹಣೆ ಒರೆಸಿಕೊಂಡ. ಫ್ಯಾನ್ ತಿರುಗುತ್ತಲೇ ಇತ್ತು.

“ನಂಗೇ ಒಂಚೂರು ಸಲುಗೆ ಕೊಡ್ತಿದ್ರು ಮೇಡಂ. ವಯಸ್ಸಾದೋನು ಅಂತ…”

“ಓಹೋ. ಹಳದಿ ಎಲ್ಲಿತ್ತು?”

“ಅಲ್ಲೇ, ಬೋರ್ಡ್ ಕೆಳ್ಗೆ.”

“ಅಲ್ಲಿ ಬಿಳಿ ಬಿಟ್ಟು ಬೇರೆ ಇಡೋದೇ ಇಲ್ಲ. ಬಣ್ಣದ ಸೀಮೆಸುಣ್ಣ ತಪ್ಪು ತಿದ್ದೋಕೆ ಮಾತ್ರ, ಅದನ್ನ ಮುಟ್ಟೋರು ಮೇಷ್ಟ್ರು ಒಬ್ಬರೇ. ಅದು ಆ ಬೀರುವಿನಲ್ಲಿ ಇರುತ್ತೆ. ಇಸ್ರಾರ್ ಅವರೇ, ಎಳೆದು ನೋಡಿ.”

ಇಸ್ರಾರ್ ಮೂಲೆಯ ಕಬ್ಬಿಣದ ಬೀರುವಿನ ಹಿಡಿ ಎಳೆದರು. ಬೀಗ ಹಾಕಿತ್ತು.

“ಹಾಂ, ಹೌದು! ಮೇಷ್ಟ್ರೇ ತೆಗ್ದು ಕೊಟ್ರು. ಮರೆತೇಬುಟ್ಟಿದ್ದೆ” ಎಂದ ಅಶ್ವಥ್ ಅವಸರವಾಗಿ.

ಸೌಮ್ಯ ಎದ್ದು ಅವನ ಎದುರಿಗೆ ನಿಂತಳು. ಅವಳ ದನಿ ತಗ್ಗಿತು. ಅವಳ ಕೈಕೆಳಗೆ ಕೆಲಸ ಮಾಡುವವರಿಗೆ ಗೊತ್ತು, ಈ ಹೆಂಗಸು ಕೂಗಾಡಿದರೆ ಕ್ಷೇಮ, ಮೆಲ್ಲಗೆ ಮಾತಾಡಿದರೆ ಕಷ್ಟ.

“ಅಶ್ವಥ್ ಅವರೇ, ಎರಡರಲ್ಲಿ ಒಂದು ಮಾತು ಆಡಿ. ಮೇಷ್ಟ್ರು ಹಳದಿ ತೆಗೆದು ಕೊಟ್ಟಿದ್ರೆ ಮೇಷ್ಟ್ರು ರೂಮಲ್ಲಿದ್ರು. ರೂಮಲ್ಲಿದ್ದಿದ್ರೆ ಕಂಬ ಬರೆಯೋಕೆ ಬಿಡ್ತಿರಲಿಲ್ಲ. ಇದನ್ನ ಬರೆಯೋವಾಗ ಮೇಷ್ಟ್ರು ಈ ಕುರ್ಚೀಲಿ ಇರಲಿಲ್ಲ. ಆಗಲೇ ಕೆಳಗೆ ಬಿದ್ದಿದ್ರು. ಅವರ ಬೀಗದ ಕೈ ಅವರ ಸೊಂಟದಲ್ಲೇ ಇತ್ತು, ನರ್ಸ್ ಬಿಚ್ಚಿ ನನ್ನ ಕೈಗೆ ಕೊಟ್ಟಿದಾರೆ. ನಿಮ್ಮ ಹತ್ತಿರ ಬೀರು ತೆಗೆಯೋಕೆ ಏನಿತ್ತು?”

ಅಶ್ವಥ್‌ನ ನಗು ಕೊನೆಗೂ ಬಿದ್ದುಹೋಯಿತು. ಬೊಂಬೆ ಅಂಗಡಿಯ ಮೋಟರು ಕೆಳಗೆ ಗರ್ ಅನ್ನುತ್ತಿತ್ತು.

“ನಾನ್ ಬರ್ದಿಲ್ಲ ಮೇಡಂ.” ಅವನ ಮಾತಿನ ನಯವೆಲ್ಲ ಮಾಯವಾಗಿತ್ತು. “ಆ ಬೋರ್ಡ್ ಮ್ಯಾಲೆ ನಂದು ಒಂದ್ ಗೀಟೂ ಇಲ್ಲ.”

“ಮತ್ತೆ?”

“ನಂಗೆ ಬೋರ್ಡ್ ಕೊಟ್ಟಿದ್ದು ನಿಜ. ಎಲ್ರೂ ಹೋದ್ಮೇಲೆ ಸಿಗರೇಟ್ ಸೇದವಾ ಅಂತ ತಾರಸಿಗ್ ಹೋದೆ. ಫೋನ್ ಬಂತು, ಒಸಿ ತಡ ಆಯ್ತು. ಇಳ್ದು ಬಂದ್ರೆ ಮೇಷ್ಟ್ರು ಇಲ್ಲ. ಅಮೂಲ್ಯ ನಿಂತ್ಕೊಂಡು ಬರೀತಾ ಐತೆ.”

“ಯಾರು?”

“ಅಮೂಲ್ಯ. ಮೇಷ್ಟ್ರ ಮಗಳು.”

ಇಸ್ರಾರ್ ಮತ್ತು ಸೌಮ್ಯ ಮುಖ ಮುಖ ನೋಡಿಕೊಂಡರು. ಭಾನುವಾರ ಇಡೀ ದಿನ ಮಾಗಡಿಯ ಅತ್ತೆ ಮನೆಯಲ್ಲಿದ್ದೆ ಅಂತ ಹೇಳಿದವಳು ಅಮೂಲ್ಯ. ಟ್ಯುಟೋರಿಯಲ್‌ನಲ್ಲಿ ಅಪ್ಪನ ಜೊತೆ ಪಾಠ ಹೇಳುವವಳು. ಬೀರುವಿನ ಎರಡನೇ ಬೀಗದ ಕೈ ಇಟ್ಟುಕೊಂಡವಳು.

“ಅಪ್ಪ ಕೆಳ್ಗೆ ಬಿದ್ದವ್ರೆ ಅಂತ ಅದೇ ಹೇಳ್ತು ಮೇಡಂ. ನಂಗ್ ಕೈಕಾಲೇ ಆಡ್ಲಿಲ್ಲ. ‘ಮೇಲಿದ್ದೋರು ನೀವೊಬ್ರೇ, ಬಂಡೆ ವಿಷಯ ಊರಿಗೆಲ್ಲ ಗೊತ್ತು, ಮೊದಲು ನಿಮ್ಮನ್ನೇ ಹಿಡೀತಾರೆ’ ಅಂತು. ‘ನೀವಿಲ್ಲಿ ಬರೀತಿದ್ರಿ, ಅಪ್ಪ ನೋಡ್ತಾ ಕೂತಿದ್ರು ಅನ್ನಿ. ಆಮೇಲೆ ಯಾರ್ ಬರ್ತಾರೋ ಅವರ ಮೇಲೆ ಹಾಕಿ’ ಅಂತು. ಆ ಹುಡ್ಗ ಬಂದ. ಮೇಷ್ಟ್ರುನ್ ನೋಡಿ ಹೆದರ್ಕೊಂಡು ಓಡ್ದ. ಅಷ್ಟೇ ನಾನ್ ಕಂಡಿದ್ದು.”

“ಹಾಗಾದ್ರೆ ಚೈತನ್ಯ ತಳ್ಳಿದ್ದನ್ನ ನೀವು ನೋಡೇ ಇಲ್ಲ?”

ಅಶ್ವಥ್ ತಲೆ ತಗ್ಗಿಸಿದ.

“ಮೇಷ್ಟ್ರು ಕೆಳಗೆ ರಕ್ತದಲ್ಲಿ ಬಿದ್ದಿದ್ರು” ಎಂದಳು ಸೌಮ್ಯ. “ಅವರ ಮಗಳು ಇಷ್ಟು ದೊಡ್ಡ ಬೋರ್ಡ್ ತುಂಬಿಸೋವರೆಗೂ ನೀವಿಲ್ಲಿ ನಿಂತು ನೋಡ್ತಾ ಇದ್ರಾ? ಮನುಷ್ಯರಾ ನೀವು?”

“ಆಂಬುಲೆನ್ಸ್‌ಗೆ ಫೋನ್ ಮಾಡಿವ್ನಿ ಅಂತು ಮೇಡಂ! ನಾನ್ ನಂಬ್ದೆ.”

ಆಂಬುಲೆನ್ಸಿಗೆ ಫೋನ್ ಮಾಡಿದ್ದು ಹುಚ್ಚಯ್ಯ. ಅದೂ ಓಡಿಹೋಗುತ್ತಿದ್ದ ಚೈತನ್ಯನನ್ನು ಕಂಡು, ಏನಾಯಿತಪ್ಪ ಅಂತ ಹಿತ್ತಲ ಮೆಟ್ಟಿಲ ಕಡೆ ಬಂದು ನೋಡಿದ ಮೇಲೆ.

“ಬೇಕಾದ್ರೆ ಪ್ರಮಾಣ ಮಾಡ್ತೀನಿ” ಎಂದ ಅಶ್ವಥ್. “ಬರೀವಾಗ ಅದರ ಕೈ ಒಂಚೂರೂ ನಡುಗ್ಲಿಲ್ಲ. ಒಂದ್ ಹನಿ ಕಣ್ಣೀರೂ ಇರ್ಲಿಲ್ಲ.”

ಇಸ್ರಾರ್ ಸೌಮ್ಯಳನ್ನು ಬಾಗಿಲ ಕಡೆ ಕರೆದರು. “ಇವನ ಮಾತು ನಂಬ್ತೀರಾ ಮೇಡಂ? ಮೊದ್ಲು ಹುಡುಗನ ತಲೆಗೆ ಕಟ್ಟಿದ, ಈಗ ಹುಡುಗಿ ತಲೆಗೆ. ಇವನೇ ತಳ್ಳಿರಬೋದು, ಆ ಹುಡುಗೀನ ಹೆದರಿಸಿ ಬರೆಸಿರಬೋದು. ಇಲ್ಲಾ ಇಬ್ರೂ ಸೇರಿರಬೋದು.”

“ಮೂರೂ ಇರಬಹುದು. ನಾಲ್ಕನೇದು ಒಂದೇ ಇರೋಕಾಗಲ್ಲ. ಚೈತನ್ಯ ತಳ್ಳಿದ ಅನ್ನೋದು. ಅವನು ಓಡಿದ್ದೇ ಹುಚ್ಚಯ್ಯ ಬಂದ, ಆಮೇಲೆ ಬೋರ್ಡ್ ತುಂಬಿಸೋಕೆ ಯಾರಿಗೂ ಹೊತ್ತಿರಲಿಲ್ಲ.”

“ಇವನು ಕೋರ್ಟಲ್ಲಿ ಉಲ್ಟಾ ಹೊಡೆದ್ರೆ? ಗೋಡೆ ಮೇಲಿನ ಸೀಮೆಸುಣ್ಣ ನೋಡಿ ಸಾಹೇಬ್ರು ಹುಡುಗನ್ನ ಬಿಡ್ತಾರಾ?”

ಬಿಡುವುದಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರ ಸ್ವಭಾವ ಸೌಮ್ಯಳಿಗೆ ಗೊತ್ತಿತ್ತು. ತಮ್ಮನ್ನು ಯಾರು ತಳ್ಳಿದರು ಅಂತ ಮೇಷ್ಟ್ರು ಬಾಯಿ ಬಿಟ್ಟು ಹೇಳಿದರೆ ಮಾತ್ರ ಚಿನ್ನಮ್ಮನ ಮಗ ಸಂಜೆ ಮನೆಗೆ ಹೋಗುತ್ತಾನೆ. ಬೇರೆ ದಾರಿಯೇ ಇಲ್ಲ.

ಆಗ ಅವಳಿಗೆ ನೆನಪಾಯಿತು.

ಮೇಷ್ಟ್ರ ಕೋಣೆಯ ಮುಂದೆ ಕಾವಲಿಗೆ ಹಾಕಿದ್ದ ಕಾನ್‌ಸ್ಟೆಬಲ್‌ನನ್ನು ನಿನ್ನೆ ರಾತ್ರಿ ಅವಳೇ ವಾಪಸ್ ಕರೆಸಿಕೊಂಡಿದ್ದಳು. ಅಪ್ಪ ಕಣ್ಣು ಬಿಟ್ಟ ತಕ್ಷಣ ಖಾಕಿ ಬಟ್ಟೆ ಕಂಡು ಗಾಬರಿಯಾಗ್ತಾರೆ, ನಾನೊಬ್ಬಳೇ ಇರ್ತೀನಿ, ದಮ್ಮಯ್ಯ ಅಂತ ಅಮೂಲ್ಯ ಅತ್ತಿದ್ದಳು. ಅಳುವ ಮಗಳನ್ನು ನೋಡಿ ಯಾರಿಗೆ ತಾನೇ ಇಲ್ಲ ಅನ್ನಲು ಮನಸ್ಸು ಬರುತ್ತದೆ?

ಸೌಮ್ಯ ನರ್ಸಿಂಗ್ ಹೋಮಿಗೆ ಫೋನ್ ಹಚ್ಚಿದಳು. ರಿಂಗ್ ಆಗುತ್ತಲೇ ಇತ್ತು. ಕೊನೆಗೆ ನರ್ಸ್ ಎತ್ತಿಕೊಂಡಳು.

“ನಾನೇ ನಿಮಗೆ ಮಾಡೋಣ ಅಂತಿದ್ದೆ ಮೇಡಂ. ಒಳ್ಳೇ ಸುದ್ದಿ. ಮೇಷ್ಟ್ರಿಗೆ ಎಚ್ಚರ ಆಯ್ತು!”

“ಮಾತಾಡಿದ್ರಾ? ಏನಂದ್ರು?”

“ಸರಿಯಾಗ್ ಮಾತು ಬರ್ತಿಲ್ಲ. ‘ಚೈತನ್ಯ ಎಲ್ಲಿ, ಅವನ್ನ ಕರೀರಿ’ ಅಂತ ಎರಡ್ ಸಲ ಅಂದ್ರು. ನಿಮ್ ಮಗಳು ಇಲ್ಲೇ ಇದ್ದಾರೆ ಸಾರ್, ಗಾಬರಿ ಆಗ್ಬೇಡಿ ಅಂದೆ. ಅಷ್ಟು ಹೇಳಿದ್ದೇ ತಡ, ನನ್ ಕೈ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ರು.”

“ಈಗ ಅವರ ಹತ್ತಿರ ಯಾರಿದ್ದಾರೆ? ಒಂದು ನಿಮಿಷಾನೂ ಅವರನ್ನ ಒಬ್ಬರೇ ಬಿಡಬೇಡಿ. ಮಗಳನ್ನ ಹೊರಗೆ ಕಳಿಸಿ. ಕೇಳಿಸ್ತಾ ಇದೆಯಾ?”



“ಇನ್ನೆಲ್ಲಿ ಮೇಡಂ? ಅವ್ರು ಆಗಲೇ ಹೊರಟ್ರಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸ್ತೀನಿ ಅಂತ ಮಗಳೇ ಕಾರು ತರಿಸಿ ಕರ್ಕೊಂಡು ಹೋದ್ರು. ಸೌಮ್ಯ ಮೇಡಂ ಒಪ್ಪಿದ್ದಾರೆ ಅಂದ್ರು, ನಾವೂ ಬಿಟ್ವಿ.” ನರ್ಸ್ ದನಿ ಸಣ್ಣದಾಯಿತು. “ಮೇಷ್ಟ್ರು ನನ್ ಕೈ ಬಿಡ್ತಾನೇ ಇರ್ಲಿಲ್ಲ ಮೇಡಂ. ಬೆರಳು ಒಂದೊಂದಾಗಿ ಬಿಡಿಸಿದ್ದೂ ಆಕೇನೇ.”